ಭಾವನ ಸ್ಪ್ಯಾನರ್

ನಮ್ಮ ಭಾವ ಮುಚ್ಚಿಟ್ಟ ಡಬ್ಬಿಯನ್ನು ಆ ಮನೆಯಲ್ಲಿ ಅವರ ಹೊರತು ಬೇರೆ ಯಾರೂ ತೆರೆಯಲಾರರು. ನಲ್ಲಿಯಾಗಲಿ, ಔಷಧದ ಸೀಸೆಯಾಗಲಿ, ಕಿಟಕಿಯ ತಿರುಪಾಗಲಿ, ತಿರುಗುವಷ್ಟು ತಿರುಗಿ ನಿಂತ ಮೇಲೂ ಅರೆಕ್ಷಣ ತಡೆದು, ಉಸಿರು ಬಿಗಿಹಿಡಿದು, "ಇನ್ನೊಂಚೂರು" ಎಂದು ತಮಗೆ ತಾವೇ ಹೇಳಿಕೊಂಡು ಮತ್ತೊಂದು ಪಟ್ಟು ಹಾಕುವುದು ಅವರ ಜಾಯಮಾನ. ಮದುವೆಯಾದ ಹೊಸದರಲ್ಲಿ ಅಕ್ಕ ಸಕ್ಕರೆ ಡಬ್ಬಿ ಹಿಡಿದು ಪಕ್ಕದ ಮನೆಯ ಬಾಗಿಲು ತಟ್ಟಿದ್ದಳಂತೆ. ಪಾಪ, ಸಕ್ಕರೆ ಮುಗಿದಿರಬೇಕೆಂದು ಆ ಮನೆಯಾಕೆ ಬಟ್ಟಲು ತುಂಬಿ ತಂದರೆ, ಇವಳಿಗೆ ಬೇಕಾಗಿದ್ದದ್ದು ಮುಚ್ಚಳ ತೆಗೆಯುವ ಒಂದು ಜೊತೆ ಗಟ್ಟಿ ಕೈ!

ಸೋಜಿಗವೆಂದರೆ ಭಾವ ವೃತ್ತಿಯಿಂದ ಕನ್ನಡಕ ಮಾಡುವವರು. ಅಂಗಡಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂಗಳನ್ನು, ನಿದ್ದೆ ಹೋದ ಮಗುವಿಗೆ ಹೊದಿಕೆ ಹೊದಿಸುವಷ್ಟು ಹಗುರವಾಗಿ ತಿರುಗಿಸುವ ಅದೇ ಕೈ, ಮನೆಯ ಸೈಕಲ್ಲನ್ನು ಮುಟ್ಟಿದೊಡನೆ ಜಟ್ಟಿಯ ಕೈಯಾಗುತ್ತಿತ್ತು. ಅವರ ಬೂದುಬಣ್ಣದ ಅಂಗಡಿ ಕೋಟಿನ ಮೇಲಿನ ಜೇಬಿನಲ್ಲಿ ಕನ್ನಡಕದ ಪುಟಾಣಿ ಸ್ಕ್ರೂಡ್ರೈವರ್, ಕೆಳಗಿನ ಜೇಬಿನಲ್ಲಿ ಸೈಕಲ್ಲಿನ ಭಾರಿ ಸ್ಪ್ಯಾನರ್. ಅದರ ಭಾರಕ್ಕೆ ಕೋಟು ಬಲಕ್ಕೆ ಜೋತುಬಿದ್ದು, ಕಾಲಕ್ರಮೇಣ ಕೋಟಿನ ಸಹವಾಸದಿಂದ ಭಾವನ ನಡಿಗೆಯೂ ಬಲಕ್ಕೇ ವಾಲಿಕೊಂಡಿತ್ತು. ಅಷ್ಟೊಂದು ಬಿಗಿಯುವುದೇಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ಕನ್ನಡಕ ಬಿದ್ರೆ ಗಾಜು ಒಡೆಯುತ್ತೆ ಕಣಯ್ಯ. ಸೈಕಲ್ ಬಿದ್ರೆ ನಿಮ್ಮಕ್ಕ ಬೀಳ್ತಾಳೆ" ಎಂದಿದ್ದರು.

ಸೈಕಲ್ಲು ಅಕ್ಕನದು. ಸೇತುವೆಯಾಚೆಯ ಗ್ರಂಥಾಲಯದಲ್ಲಿ ಅವಳಿಗೆ ಕೆಲಸ; ಹೋಗುವಾಗ ಗಡಿಬಿಡಿ, ಬರುವಾಗ ಮಾತ್ರ ಹೊಳೆಯ ದಂಡೆಗುಂಟ ಸುತ್ತುಹಾಕಿ, ಮನಸ್ಸು ಬಂದಲ್ಲಿ ಇಳಿದು, ಮನಸ್ಸು ತುಂಬಿದ ಮೇಲೆ ಮನೆ ಸೇರುವುದು ಅವಳ ದಿನದ ಏಕೈಕ ವಿಲಾಸ. ಆ ಸೈಕಲ್ಲಿನ ಯೋಗಕ್ಷೇಮ ಭಾವನದು. ಭಾನುವಾರ ಬೆಳಗಾದರೆ ಹಜಾರದಲ್ಲಿ ಹಳೆಯ ಪತ್ರಿಕೆ ಹಾಸಿ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಚೈನಿನ ಕೊಂಡಿಕೊಂಡಿಗೂ ಒಂದೊಂದೇ ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಹರಕು ಬನಿಯನ್ನಿನಲ್ಲಿ ಒರೆಸಿ, ಚಕ್ರದ ಕಡ್ಡಿಗಳನ್ನು ಉಗುರಿನಿಂದ ಮೀಟಿ ಆಲಿಸಿ, ಎಲ್ಲಿ ಸದ್ದು ಸಪ್ಪೆಯೋ ಅಲ್ಲಿ ಬಿಗಿಯುತ್ತಿದ್ದರು. ಬಿಡಿಭಾಗ ಕೊಳ್ಳುವುದಂತೂ ಒಂದು ತಪಸ್ಸು. ಬ್ರೇಕ್ ರಬ್ಬರನ್ನು ಉಗುರಿನಿಂದ ಒತ್ತಿ ನೋಡುವರು: ಗಟ್ಟಿಯಿದ್ದರೆ ಜಾರುತ್ತದೆ, ಮೆತ್ತಗಿದ್ದರೆ ಬೇಗ ಸವೆಯುತ್ತದೆ. ಪೆಡಲನ್ನು ಕಿವಿಯ ಬಳಿ ತಿರುಗಿಸಿ ಒಳಗಿನ ಗುಂಡುಗಳ ಸದ್ದು ಕೇಳುವರು. ಒಂದು ಸಲ ಸೈಕಲ್ ಅಂಗಡಿಯವನು ರೋಸಿಹೋಗಿ, "ಸಾರ್, ಈ ರಬ್ಬರ್ ತಗೊಳ್ತೀರೋ, ಇಲ್ಲ ಇದಕ್ಕೂ ಒಂದು ಕನ್ನಡಕ ಮಾಡ್ಕೊಡ್ತೀರೋ?" ಎಂದುಬಿಟ್ಟ. ಭಾವ ನಗಲಿಲ್ಲ, ಇನ್ನೊಂದು ರಬ್ಬರ್ ಕೈಗೆತ್ತಿಕೊಂಡರು.

ಇಷ್ಟೆಲ್ಲ ಮಾಡಿದ ಸೈಕಲ್ಲೇ ಒಂದು ಸಂಜೆ ಸೇತುವೆಯ ಇಳಿಜಾರಿನಲ್ಲಿ ಅಕ್ಕನನ್ನು ಕೆಡವಿತು. ಸೀಟು ಹಿಡಿದಿದ್ದ ಬೋಲ್ಟು ಫಟ್ಟನೆ ಮುರಿದು, ಸೀಟು ಒಂದು ಕಡೆ, ಅಕ್ಕ ಒಂದು ಕಡೆ. ಅವಳ ಬಲ ಮಣಿಕಟ್ಟು ಮುರಿಯಿತು. ಆ ಬೋಲ್ಟಿನ ತುಂಡನ್ನು ಭಾವ ದೀಪದಡಿ ಹಿಡಿದು ನೋಡಿದರು. ತುಕ್ಕಿರಲಿಲ್ಲ, ಸವೆದಿರಲಿಲ್ಲ; ಮುರಿದಲ್ಲಿ ಕತ್ತು ಹಿಸುಕಿದಂತೆ ಸಣ್ಣಗಾಗಿತ್ತು. ವಾರವಾರವೂ ಬಿಗಿಸಿಕೊಂಡು ಅದು ಸೋತುಹೋಗಿತ್ತು. ಆಸ್ಪತ್ರೆಯ ಮಂಚದ ಬಳಿ ನಿಂತು, ನನ್ನೆದುರಿಗೇ, "ನಾನೇ ಕಣೇ ಮುರಿದಿದ್ದು. ಬಿಗಿದೂ ಬಿಗಿದೂ ಮುರಿದಿದ್ದೀನಿ" ಎಂದರು. ಅಕ್ಕ, "ಬೇಕಂತ ಮುರಿದ್ರಾ? ಇಲ್ವಲ್ಲ. ಮೊದಲು ಆ ಫ್ಲಾಸ್ಕಿನ ಮುಚ್ಚಳ ತೆಗೀರಿ, ನರ್ಸಮ್ಮನ ಕೈಲೂ ಆಗ್ಲಿಲ್ಲ" ಎಂದಳು.

ಬಿಸಿ ಹಾಲಿನಲ್ಲಿ ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಂತೆ. ಅಕ್ಕನ ಕೈ ಕೂಡಿಕೊಂಡಿತು, ವೈದ್ಯರು ಸೈಕಲ್ ತುಳಿಯಬಹುದೆಂದರು, ಸೈಕಲ್ಲು ಮಾತ್ರ ತಲೆಕೆಳಗಾಗಿಯೇ ಉಳಿಯಿತು. ಹೊಸ ಸೀಟು ಬಂತು, ಹೊಸ ಬೋಲ್ಟು ಬಂತು. ಆಮೇಲೆ ಟಯರು ನಂಬಿಕೆಗೆ ಅರ್ಹವಲ್ಲವೆನಿಸಿತು. ಟಯರು ಬದಲಾದ ಮೇಲೆ ಚೈನು, ಹೊಸ ಚೈನಿಗೆ ಹಳೆಯ ಹಲ್ಲು ಹೊಂದುವುದಿಲ್ಲವೆಂದು ಹಿಂದಿನ ಹಲ್ಲುಚಕ್ರ. ಯಾವಾಗ ಕೇಳಿದರೂ "ಇನ್ನೂ ಸ್ವಲ್ಪ ಕೆಲಸ ಇದೆ" ಎಂಬ ಒಂದೇ ಪಲ್ಲವಿ. ಅಷ್ಟರಲ್ಲಿ ಅಕ್ಕ ಬಸ್ಸಿನಲ್ಲಿ ನಿಂತು ಹೋಗಿ, ನಿಂತೇ ಬಂದು, ಹೊಳೆಯ ದಂಡೆ ಹೇಗಿತ್ತೆಂಬುದನ್ನೇ ಮರೆಯುವ ಹಂತಕ್ಕೆ ಬಂದಿದ್ದಳು. ನನಗಂತೂ ಭಾವನ ಮೇಲೆ ಕೆಟ್ಟ ಸಿಟ್ಟು ಬರುತ್ತಿತ್ತು.

ಒಂದು ಭಾನುವಾರ ನಾನು ಹೋದಾಗ, ಅಕ್ಕ ಬಂದು ಪತ್ರಿಕೆಗಳ ಮೇಲೆ ಭಾವನ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

"ರೀ, ಇದು ಯಾವತ್ತು ರೆಡಿ ಆಗುತ್ತೆ?"

"ಹಿಂದಿನ ಬ್ರೇಕು ಒಂಚೂರು..."

"ಬ್ರೇಕಿಗೆ ಏನೂ ಆಗಿಲ್ಲ. ನಿಮಗೆ ಭಯ."

ಭಾವ ಕೈ ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿಕೊಂಡರು. "ಹೂಂ. ಭಯ" ಎಂದರು. "ನನ್ನ ಕೈ ಮೇಲೇ ನನಗೆ ನಂಬಿಕೆ ಹೋಗಿದೆ."

"ಹಾಗಾದ್ರೆ ನನ್ನ ಕೈ ಇದೆಯಲ್ಲ, ಕೊಡಿ ಸ್ಪ್ಯಾನರ್."

ಎಷ್ಟೋ ಹೊತ್ತಿನ ಮೇಲೆ ಕೊಟ್ಟರು. ಅಕ್ಕ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಸೀಟಿನ ಬೋಲ್ಟು ತಿರುಗಿಸಿ, ಸೀಟನ್ನು ಅಲ್ಲಾಡಿಸಿ ನೋಡಿದಳು, ಅಲುಗಿತು. ಇನ್ನಷ್ಟು ತಿರುಗಿಸಿದಳು, ಅಲುಗಲಿಲ್ಲ. ಅಲ್ಲಿಗೆ ನಿಲ್ಲಿಸಿ ಸ್ಪ್ಯಾನರ್ ಕೆಳಗಿಟ್ಟಳು. ಭಾವ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತರು.

"ದಂಡೆ ತನಕ ಹೋಗಿ ಬರ್ತೀನಿ" ಎಂದು ಅಕ್ಕ ಹೊರಟಳು. ಅವಳ ಹಿಂದೆಯೇ ಎದ್ದುಬಂದ ಭಾವ, ಅವಳು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೂ ಬಾಗಿಲಲ್ಲೇ ನಿಂತರು. ಒಳಗೆ ಬನ್ನಿ ಭಾವ ಎಂದೆ. "ನೀನು ನಡಿ, ಬಂದೆ" ಎಂದವರು ಬರಲಿಲ್ಲ.

ಇಂಥವರು ಎಲ್ಲ ಮನೆಗಳಲ್ಲೂ ಒಬ್ಬರಿರುತ್ತಾರೆ. ಪ್ರೀತಿಯೆಂಬುದು ಅವರಿಗೆ ಕೈಕೆಲಸ. ಎದೆಯೊಳಗಿನ ಅಂಜಿಕೆಯನ್ನು ಬಾಯಿಬಿಟ್ಟು ಹೇಳಲಾರದೆ ಕೈಗೆಟಕುವ ವಸ್ತುಗಳ ಮೇಲೆ ಹೊರಿಸಿ, ವಸ್ತು ಭದ್ರವಾದರೆ ತಮ್ಮವರ ಜೀವವೂ ಭದ್ರವಾದೀತೆಂದು ನಂಬಿ ದುಡಿಯುತ್ತಾರೆ. ಕೆಲಸವಿರುವಷ್ಟು ಹೊತ್ತು ಅವರಿಗೆ ಯಾವ ಕಷ್ಟವೂ ಇಲ್ಲ. ಮಾಡುವುದೆಲ್ಲ ಮುಗಿದು, ತಮ್ಮವರು ಕಣ್ಣಿಂದ ದೂರವಾದ ಮೇಲೆ ಬರಿಗೈಯಲ್ಲಿ ಬಾಗಿಲಲ್ಲಿ ನಿಂತು ಕಾಯಬೇಕಲ್ಲ, ಆ ಕೆಲಸವನ್ನು ಮಾತ್ರ ಅವರಿಗೆ ಯಾರೂ ಕಲಿಸಿರುವುದಿಲ್ಲ.