ಹುನೈನಿಯಾದಲ್ಲಿ ಅಳಿಯಕಟ್ಟು

೧೯೭೯ರ ಒಂದು ಮಂಗಳವಾರ ತಾರಾನಾಥ ಬಹ್ರೈನಿನಲ್ಲಿ ಬಂದಿಳಿದಾಗ, ಅವರ ಸೋದರಮಾವ ಮುಹರ್ರಕ್ ವಿಮಾನನಿಲ್ದಾಣದ ಹೊರಗೆ ನಿಂತುಕೊಂಡೇ ಒಂದು ಮಾತು ಕೊಟ್ಟರು: "ನಾನು ಊರಿಗೆ ಹೊರಡುವ ದಿನ ಅಂಗಡಿ ನಿನಗೆ." ತಾರಾನಾಥ ನನ್ನ ಗಂಡ. ಮಾತು ಕೊಡುವಾಗ ನಾನು ಅಲ್ಲಿರಲಿಲ್ಲ, ಎರಡು ವರ್ಷ ಬಿಟ್ಟು ಮದುವೆಯಾಗಿ ಬಂದವಳು. ಆದರೆ ಅದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಮಾವ ಆ ದಿನ ಹಾಕಿದ್ದ ಅಂಗಿಯ ಬಣ್ಣವನ್ನೂ ಹೇಳಬಲ್ಲೆ.

ಅಂಗಡಿ ಇರುವುದು ಮನಾಮಾದ ಗುದೈಬಿಯಾದಲ್ಲಿ. ಇಲ್ಲಿ ಇಂಥ ಅಂಗಡಿಗೆ ಕೋಲ್ಡ್ ಸ್ಟೋರ್ ಎನ್ನುತ್ತಾರೆ. ತಣ್ಣಗಿರುವುದು ಒಂದು ಫ್ರಿಜ್ ಮಾತ್ರ. ಉಳಿದದ್ದು ಅಕ್ಕಿ, ಬೇಳೆ, ಸಾಬೂನು, ನಮ್ಮ ಬೆನ್ನುನೋವು. ಬೆಳಗಿನ ಐದೂವರೆಗೆ ಖುಬ್ಬೂಸ್ ರೊಟ್ಟಿಯ ಗಾಡಿ ಬರುತ್ತದೆ, ಆಮೇಲೆ ರಾತ್ರಿ ಹನ್ನೊಂದರವರೆಗೆ ಯಾರಾದರೊಬ್ಬರು ಬರುತ್ತಲೇ ಇರುತ್ತಾರೆ. ಗಂಡ ಹದಿನೈದು ವರ್ಷ, ನಾನು ಹದಿಮೂರು ವರ್ಷ ಹೀಗೆ ನಿಂತಿದ್ದೇವೆ. ಮಗಳು ಅಶ್ಮಿತಾ ಅಕ್ಷರ ಕಲಿತದ್ದು ಬಿಸ್ಕತ್ತಿನ ಡಬ್ಬಿಗಳ ಮೇಲೆ.

೧೯೯೪ರ ಜನವರಿಯಲ್ಲಿ ಮಾವ, ಮಾರ್ಚಿಗೆ ಊರಿಗೆ ಹೊರಡುತ್ತೇನೆ ಎಂದರು. ಮುಲ್ಕಿಯಲ್ಲಿ ಅವರ ಹೆಂಡತಿ ನೀರಜಾಕ್ಷಿ ಅತ್ತೆ ಇಪ್ಪತ್ತೈದು ವರ್ಷದಿಂದ ಕಾಯುತ್ತಿದ್ದರು. ಅಂಗಡಿಯ ಲೈಸೆನ್ಸು ಇಲ್ಲಿಯ ಕಾನೂನಿನಂತೆ ಕಫೀಲರ, ಅಂದರೆ ನಮ್ಮ ಅರಬ್ ಪ್ರಾಯೋಜಕರ ಹೆಸರಿನಲ್ಲಿದೆ. ಇನ್ನು ಮುಂದೆ ನಡೆಸುವವರು ಯಾರು ಎಂದು ಮಾವ ಹೋಗಿ ಅವರಿಗೆ ಒಂದು ಹೆಸರು ಹೇಳಬೇಕು, ಅಷ್ಟೇ. ಆ ಭೇಟಿ ಶನಿವಾರಕ್ಕೆ ನಿಶ್ಚಯವಾಗಿತ್ತು. ಹೇಳಬೇಕಾದ ಹೆಸರು ಯಾವುದೆಂದು ನಮಗೆ ಸಂಶಯವಿರಲಿಲ್ಲ, ಆರು ತಿಂಗಳ ಹಿಂದೆ ಮಾವನ ಮಗ ವಿಖ್ಯಾತ್ ಬಂದಿಳಿಯುವವರೆಗೆ.

ವಿಖ್ಯಾತ್ ಕೆಟ್ಟ ಹುಡುಗನಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಡಿಪ್ಲೊಮಾ ಮಾಡಿದ್ದಾನೆ, ನಗುಮುಖದವನು, ಗೋಣಿ ಎತ್ತು ಎಂದರೆ ಎತ್ತುತ್ತಾನೆ. ಆದರೆ ಗುರುವಾರ ಮಧ್ಯಾಹ್ನ ಅವನು ಬೇಳೆಯ ಶೆಲ್ಫನ್ನು ಟೇಪು ಹಿಡಿದು ಅಳೆಯುವುದನ್ನು ನಾನು ನೋಡಿದೆ. ಎಂತ ಮಾಡುತ್ತಿದ್ದೀ ಎಂದರೆ, ವಿಡಿಯೊ ಕ್ಯಾಸೆಟ್ ಬಾಡಿಗೆಗೆ ಇಟ್ಟರೆ ಎಷ್ಟು ಹಿಡಿಯುತ್ತದೆಂದು ಸುಮ್ಮನೆ ನೋಡಿದೆ, ಉಷಕ್ಕಾ, ಎಂದ. ಸುಮ್ಮನೆ ಯಾರೂ ಟೇಪು ಹಿಡಿಯುವುದಿಲ್ಲ.

ಆ ವಾರವೇ ಅಶ್ಮಿತಾಳ ಶಾಲೆಯಲ್ಲಿ ಲಿಲಿಯನ್ ಟೀಚರ್ ಒಂದು ಪ್ರಾಜೆಕ್ಟ್ ಕೊಟ್ಟಿದ್ದರು. ಈ ದೇಶದ ಚರಿತ್ರೆಯಿಂದ ಒಂದು ಘಟನೆ ಆರಿಸಿ, ಅದು ನಡೆದ ಜಾಗಗಳಿಗೆ ಹೋಗಿ, ಫೋಟೊ ಅಂಟಿಸಿ ಬರೆಯಬೇಕು. ಉಳಿದ ಮಕ್ಕಳು ಮುತ್ತು, ಎಣ್ಣೆ ಬಾವಿ ಎಂದು ಸುಲಭದ್ದನ್ನು ಆರಿಸಿದರೆ ನನ್ನ ಮಗಳು ಆರಿಸಿದ್ದು ಯುದ್ಧ. ನೂರೈವತ್ತು ವರ್ಷದ ಹಿಂದೆ, ೧೮೪೨–೪೩ರಲ್ಲಿ, ಇಲ್ಲಿಯ ಆಳುವ ಮನೆತನದೊಳಗೇ ಒಂದು ಜಗಳವಾಗಿತ್ತಂತೆ. ಒಂದು ಕಡೆ ವಯಸ್ಸಾದ ದೊರೆ, ಇನ್ನೊಂದು ಕಡೆ ಅವರ ಅಣ್ಣನ ಮೊಮ್ಮಗ. ರಿಫಾದ ಹುನೈನಿಯಾ ಕಣಿವೆಯಿಂದ ಮುಹರ್ರಕ್‌ನ ಅಬು ಮಾಹಿರ್ ಕೋಟೆಯವರೆಗೆ ಹೋಗಬೇಕು, ಅಮ್ಮಾ, ಎಂದಳು.

ಶುಕ್ರವಾರ ನಾನು ಕರೆದುಕೊಂಡು ಹೋಗುವುದೆಂದಾಯಿತು. ಅಂಗಡಿ ಮುಚ್ಚುವ ಪ್ರಶ್ನೆ ಇರಲಿಲ್ಲವಾದ್ದರಿಂದ ಗಂಡ ಗಲ್ಲಾಪೆಟ್ಟಿಗೆಯ ಹಿಂದೆ ಉಳಿದರು. ನನಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ್ದು ಐದನೆಯ ಟೆಸ್ಟಿನಲ್ಲಿ, ಆದ್ದರಿಂದ ವ್ಯಾನಿನಲ್ಲಿ ನನ್ನ ಪಕ್ಕ ಕೂರುವವರು ಕಡಿಮೆ. ಆದರೆ ಬೆಳಿಗ್ಗೆ ಎಂಟಕ್ಕೆ ನೋಡಿದರೆ ಮಾವ ಇಸ್ತ್ರಿ ಮಾಡಿದ ಪ್ಯಾಂಟು ಹಾಕಿ ಮುಂದಿನ ಸೀಟಿನಲ್ಲಿ ಕುಳಿತಾಗಿತ್ತು. ಇಪ್ಪತ್ತೈದು ವರ್ಷದಲ್ಲಿ ತಾನು ನೋಡಿದ್ದು ಸಗಟು ಮಾರುಕಟ್ಟೆ ಮತ್ತು ವಿಮಾನನಿಲ್ದಾಣ, ಊರಿನಲ್ಲಿ ಯಾರಾದರೂ ಕೇಳಿದರೆ ಹೇಳಲಿಕ್ಕಾದರೂ ಒಂದು ಕೋಟೆ ಬೇಕಲ್ಲ ಎಂದರು. ಹಿಂದೆ ವಿಖ್ಯಾತ್, ಕೈಯಲ್ಲಿ ಯಾಶಿಕಾ ಕ್ಯಾಮೆರಾ. ಅವನ ಪಕ್ಕ ಅಶ್ಮಿತಾ, ಮಡಿಲಲ್ಲಿ ನೋಟ್‌ಬುಕ್, ಅದರೊಳಗೆ ಯುದ್ಧ.

ರಿಫಾದ ಕೋಟೆ ಎತ್ತರದಲ್ಲಿದೆ, ಅದರ ಕೆಳಗೆ ಹುನೈನಿಯಾ ಕಣಿವೆ. ನಾವು ಹೋದ ಹೊತ್ತಿಗೆ ಕೋಟೆಯ ಬಾಗಿಲು ಹಾಕಿತ್ತು. ಶುಕ್ರವಾರ ಶಾಲೆಗೆ ಬಿಡುವು, ಅದೇ ದಿನ ಕೋಟೆಗೂ ಬಿಡುವು. ಗೋಡೆಯ ಪಕ್ಕ ನಿಂತು ಕೆಳಗೆ ನೋಡಿದೆವು. ಕಲ್ಲು, ಧೂಳು, ಅಲ್ಲಲ್ಲಿ ಕುರುಚಲು, ಹಿತವಾದ ಚಳಿಗಾಳಿ. ಯುದ್ಧಕ್ಕೆ ಜನ ಇಷ್ಟು ದೂರ ಬರಬೇಕಿತ್ತೇ ಎಂದು ಮಾವನಿಗೆ ಆಶ್ಚರ್ಯ. ಇಲ್ಲಿಯ ಬಾವಿಯ ನೀರು ಸಿಹಿಯಂತೆ ಎಂದು ಅಶ್ಮಿತಾ ಓದಿ ಹೇಳಿದ ಮೇಲೆ ಅವರಿಗೆ ಸಮಾಧಾನವಾಯಿತು. ನೀರಿಗಾಗಿ ಹೊಡೆದಾಡುವುದು ಅವರಿಗೆ ಅರ್ಥವಾಗುವ ಸಂಗತಿ.

"ಗೆದ್ದದ್ದು ಯಾರು, ಮಗಾ?"

"ಇಲ್ಲಿ ದೊಡ್ಡಜ್ಜ ಗೆದ್ದರು. ಮರುವರ್ಷ ಮೊಮ್ಮಗ ತಿರುಗಿ ಬಂದು ಗೆದ್ದ."

"ಹಾಗೇ ಆಗುವುದು. ಮುನ್ಸಿಫ್ ಕೋರ್ಟಿನಲ್ಲಿ ಒಬ್ಬನಿಗೆ, ಜಿಲ್ಲಾ ಕೋರ್ಟಿನಲ್ಲಿ ಇನ್ನೊಬ್ಬನಿಗೆ." ಮಾವ ಅಶ್ಮಿತಾಳ ಕಡೆ ತಿರುಗಿದರು. "ಈ ಮೊಮ್ಮಗ ಅಣ್ಣನ ಕಡೆಯವನೋ ಅಕ್ಕನ ಕಡೆಯವನೋ?"

ಅಣ್ಣನ ಕಡೆಯವನೆಂದು ಅಶ್ಮಿತಾ ಹೇಳಿದಳು.

"ಹಾಗಾದರೆ ಕೇಸೇ ಇಲ್ಲವಲ್ಲ ಮಾರಾಯ್ತಿ. ಅಣ್ಣನ ಮೊಮ್ಮಗನಿಗೆ ಎಂತ ಹಕ್ಕು? ಅಕ್ಕನ ಮಗ ಇರಲಿಲ್ಲವಾ ಅವರಲ್ಲಿ?"

ನಮ್ಮ ಕಡೆ ಮೊದಲು ಆಸ್ತಿಯೂ ಯಜಮಾನಿಕೆಯೂ ಮಗನಿಗಲ್ಲ, ಅಕ್ಕತಂಗಿಯರ ಮಗನಿಗೆ, ಅಂದರೆ ಸೋದರಳಿಯನಿಗೆ ಹೋಗುತ್ತಿದ್ದವು. ಅದೇ ಅಳಿಯಕಟ್ಟು. ಕಾಯಿದೆಯಲ್ಲಿ ಅದು ಮುಗಿದು ಎಷ್ಟೋ ವರ್ಷವಾಯಿತು, ನಾಲಿಗೆಯಲ್ಲಿ ಇನ್ನೂ ಮುಗಿದಿಲ್ಲ. ಹಾಗಾಗಿ ಹುನೈನಿಯಾ ಕಣಿವೆಯ ಮೇಲೆ ನಿಂತು ಮಾವ ಇಡೀ ಯುದ್ಧವನ್ನು ಅಳಿಯಕಟ್ಟಿನ ಪ್ರಕಾರ ಇತ್ಯರ್ಥ ಮಾಡಿದರು. ದೊರೆಗೂ ಇಲ್ಲ, ಮೊಮ್ಮಗನಿಗೂ ಇಲ್ಲ, ಯಾರೋ ಒಬ್ಬ ಹೆಸರು ಗೊತ್ತಿಲ್ಲದ ಅಳಿಯನಿಗೆ ದೇಶ ಸೇರಬೇಕು. ಪ್ರಾಜೆಕ್ಟಿನಲ್ಲಿ ಇದನ್ನು ಬರೆಯಲಾ ಎಂದು ಅಶ್ಮಿತಾ ಕೇಳಿದಳು. ಬೇಡ ಎಂದೆ. ಒಳಗೊಳಗೆ ಮಾತ್ರ ನನಗೆ ಖುಷಿಯಾಗಿತ್ತು. ಅಳಿಯನ ಹಕ್ಕನ್ನು ಮಾವ ತಮ್ಮ ಬಾಯಲ್ಲೇ ಹೇಳಿದರಲ್ಲ, ನಾಳೆ ಕಫೀಲರ ಮುಂದೆಯೂ ಇದೇ ಬಾಯಿ ತಾನೇ.

ಫೋಟೊ ತೆಗೆಯುತ್ತಿದ್ದ ವಿಖ್ಯಾತ್ ಕ್ಯಾಮೆರಾದಿಂದ ಕಣ್ಣು ತೆಗೆಯದೆ, "ಈಗ ಯಾರೂ ಹಾಗೆ ಮಾಡುವುದಿಲ್ಲ ಅಪ್ಪಾ," ಎಂದ. ಮಾವ ವ್ಯಾನಿನ ಕಡೆ ನಡೆದರು.

ಹಿಂದಿರುಗಿ ಮನಾಮಾ ದಾಟಿ ಕಾಸ್‌ವೇ ಸೇತುವೆಯ ಮೇಲೆ ಮುಹರ್ರಕ್‌ಗೆ ಬಂದೆವು. ದಾರಿಯಲ್ಲಿ ವ್ಯಾನು ನಿಲ್ಲಿಸಿ ಕೊಟ್ಟೆಕಡುಬು ಬಿಚ್ಚಿದೆ; ಚಟ್ನಿ ಸೀಟಿಗೆ ಚೆಲ್ಲಿದ್ದು ಯಾರೆಂಬುದರ ಮೇಲೆ ಹಿಂದಿನ ಸೀಟಿನಲ್ಲಿ ಇನ್ನೊಂದು ಅಂತರ್ಯುದ್ಧ ನಡೆಯಿತು. ಮಾವನಿಗೆ ಅರಾದ್ ಕೋಟೆ ಕಂಡು ಆಸೆಯಾಯಿತು. ಅಂದವಾಗಿ ರಿಪೇರಿ ಮಾಡಿದ ಕೋಟೆ, ನಾಲ್ಕು ಮೂಲೆಗೆ ನಾಲ್ಕು ಗುಂಡನೆಯ ಬುರುಜು, ಪಕ್ಕದಲ್ಲಿ ಸಮುದ್ರ. ಅದು ನಮ್ಮ ಯುದ್ಧದ್ದಲ್ಲ ಅಜ್ಜಾ, ಎಂದು ಅಶ್ಮಿತಾ ಎಷ್ಟು ಹೇಳಿದರೂ ಕೇಳದೆ ಇಳಿದು, ಸೊಂಟಕ್ಕೆ ಕೈ ಕೊಟ್ಟು ಫೋಟೊ ತೆಗೆಸಿಕೊಂಡರು. ಮುಲ್ಕಿಯಲ್ಲಿ ಯಾರಿಗೆ ಗೊತ್ತಾಗುತ್ತದೆ ಯಾವ ಯುದ್ಧದ್ದೆಂದು.

ಅಬು ಮಾಹಿರ್ ಮಾತ್ರ ಬಗ್ಗಲಿಲ್ಲ. ಕೋಟೆ ಇರುವುದು ಕೋಸ್ಟ್ ಗಾರ್ಡಿನ ಆವರಣದೊಳಗೆ ಎಂಬ ಸಂಗತಿ ಗೇಟಿನ ಮುಂದೆ ವ್ಯಾನು ನಿಲ್ಲಿಸಿದ ಮೇಲೆ ತಿಳಿಯಿತು. ಗೇಟಿನಲ್ಲಿದ್ದ ಬಲೂಚಿ ಪೇದೆ ಒಳಗೆ ಬಿಡಲಿಕ್ಕಾಗದು ಎಂದ. ಮಗುವಿನ ಶಾಲೆಯ ಕೆಲಸ ಎಂದು ನಾನು ಹಿಂದಿಯಲ್ಲಿ ಹೇಳಿದೆ. ಇಪ್ಪತ್ತೈದು ವರ್ಷದಿಂದ ಈ ದೇಶದಲ್ಲಿದ್ದೇನೆ ಎಂದು ಮಾವ ತಮಗೆ ಗೊತ್ತಿರುವ ಅರಬ್ಬಿಯನ್ನೆಲ್ಲ ಹಾಕಿ ಹೇಳಿದರು. ತಾನು ಹುಟ್ಟಿದಾಗಿನಿಂದ ಇದ್ದೇನೆ, ತನ್ನನ್ನೂ ಡ್ಯೂಟಿ ಇಲ್ಲದ ದಿನ ಒಳಗೆ ಬಿಡುವುದಿಲ್ಲ ಎಂದು ಅವನು ನಕ್ಕ. ಬೇಕಿದ್ದರೆ ಆಚೆ ನೀರಿನ ಅಂಚಿಗೆ ಹೋಗಿ, ಅಲ್ಲಿಂದ ಬುರುಜು ಕಾಣುತ್ತದೆ ಎಂದು ದಾರಿ ತೋರಿಸಿದ.

ಅಲ್ಲಿಂದ ಕಂಡದ್ದು ದೂರದಲ್ಲಿ ಒಂದು ಬಿಳಿ ಬುರುಜು, ಮುಂದೆ ನಾಲ್ಕು ದೋಣಿ. ಅಶ್ಮಿತಾ ನೋಟ್‌ಬುಕ್ ತೆರೆದು ಕೊನೆಯ ಪುಟ ಓದಿದಳು. ಕೊನೆಗೆ ಮುದಿ ದೊರೆ ಆಶ್ರಯ ಪಡೆದದ್ದು ಈ ಕೋಟೆಯಲ್ಲಿ. ಸೋತು, ಸಮುದ್ರ ದಾಟಿ ದಮಾಮಿಗೆ ಹೋದರು. ತಿರುಗಿ ಬರಲು ಬಹಳ ಪ್ರಯತ್ನ ಮಾಡಿದರು, ಆಗಲಿಲ್ಲ, ಮಸ್ಕತ್ತಿನಲ್ಲಿ ತೀರಿಹೋದರು. ಆಮೇಲೆ ಅವಳೂ ವಿಖ್ಯಾತನೂ ಇನ್ನೂ ಒಳ್ಳೆಯ ಫೋಟೊ ಸಿಗುತ್ತದೆಯೋ ಎಂದು ದಂಡೆಯುದ್ದಕ್ಕೂ ಮುಂದೆ ನಡೆದರು. ಮಾವ ವ್ಯಾನಿನ ಬಾಗಿಲು ತೆರೆದಿಟ್ಟುಕೊಂಡು ಕುಳಿತೇ ಇದ್ದರು. ನಾನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟೆ.

"ಉಷಾ, ನಿನ್ನಲ್ಲಿ ಒಂದು ಮಾತು ಉಂಟು."

ಇಸ್ತ್ರಿ ಪ್ಯಾಂಟು ಹಾಕಿಕೊಂಡು ಅವರು ಬಂದದ್ದು ಕೋಟೆ ನೋಡಲಿಕ್ಕಲ್ಲ ಎಂದು ನನಗೆ ಹೊಳೆದದ್ದು ಆಗ.

ನೀರಜಾಕ್ಷಿ ಅತ್ತೆಯ ಫೋನು ಪ್ರತಿ ವಾರವೂ ಬರುತ್ತದಂತೆ. ಮಗನನ್ನು ಬಿಟ್ಟು ಬೇರೆ ಯಾರಿಗಾದರೂ ಅಂಗಡಿ ಕೊಟ್ಟು ಬಂದರೆ ತನ್ನ ಮನೆಯ ಮೆಟ್ಟಿಲು ಹತ್ತಬೇಡಿ ಎನ್ನುತ್ತಾರಂತೆ. ಇಪ್ಪತ್ತೈದು ವರ್ಷ ಗಂಡನಿಲ್ಲದೆ ಸಂಸಾರ ಮಾಡಿದ ಹೆಂಗಸು, ಅವಳದ್ದೂ ತಪ್ಪೆನ್ನಲಿಕ್ಕಾಗುವುದಿಲ್ಲ ಎಂದರು ಮಾವ. ತಾರಾನಾಥನಿಗೆ ಹೇಗಾದರೂ ಒಂದು ಕೆಲಸ ಸಿಗುತ್ತದೆ, ನಾಲ್ಕು ಜನರ ಗುರುತುಂಟು, ವಿಖ್ಯಾತನಿಗೆ ಯಾರ ಗುರುತುಂಟು ಎಂದರು. ಇಷ್ಟನ್ನೂ ಹೇಳುವಾಗ ಅವರು ನೋಡುತ್ತಿದ್ದದ್ದು ಬುರುಜನ್ನು.

"ಅವನ ಮುಖ ನೋಡಿ ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ. ನೀನು ಹೇಳಿದರೆ ಅವನು ಕೇಳುತ್ತಾನೆ. ನಮಗೆ ಅಂಗಡಿ ಬೇಡ ಅಂತ ನೀವೇ ಹೇಳಿದ್ದು ಅಂತ ಆದರೆ, ನನ್ನ ಮಾತೂ ಉಳಿಯುತ್ತದೆ."

ಹದಿಮೂರು ವರ್ಷ ನಾನು ಮಾವನಿಗೆ ಎದುರಾಡಿದವಳಲ್ಲ. ಅವರು ನನಗೆ ಒಂದು ದಿನವೂ ಒರಟಾಗಿ ಮಾತಾಡಿದವರಲ್ಲ. ಅಶ್ಮಿತಾ ಹುಟ್ಟಿದ ದಿನ ಸಲ್ಮಾನಿಯಾ ಆಸ್ಪತ್ರೆಗೆ ಗಂಜಿ ತಂದವರೂ ಅವರೇ. ಹೂಂ ಎಂದು ಬಿಡುವುದು ಸುಲಭವಿತ್ತು. ಹೂಂ ಎಂದರೆ ಎಲ್ಲರೂ ನನ್ನನ್ನು ಒಳ್ಳೆಯವಳು ಎನ್ನುತ್ತಿದ್ದರು, ಮತ್ತು ನನ್ನ ಗಂಡ ಬದುಕಿಡೀ, ಅಂಗಡಿ ಬೇಡವೆಂದದ್ದು ನಾವೇ ಎಂಬ ಸುಳ್ಳನ್ನು ನಗುತ್ತ ಹೇಳಿಕೊಂಡು ತಿರುಗಬೇಕಿತ್ತು.

"ಮಾತು ಕೊಟ್ಟದ್ದು ನೀವು ಮಾವ. ಮುರಿಯುವುದಿದ್ದರೆ ನೀವೇ ಮುರಿಯಿರಿ. ನನ್ನ ಕೈಯಲ್ಲಿ ಮುರಿಸಬೇಡಿ."

ಮಾವ ಚಹಾದ ಲೋಟವನ್ನು ತಿರುಗಿಸುತ್ತ ಕುಳಿತರು. ಕೋಪ ಬಂದಂತೆ ಕಾಣಲಿಲ್ಲ. ನೀನು ಅಂಗಡಿಯ ಹೆಂಗಸಾಗಿಬಿಟ್ಟೆ, ಚೌಕಾಸಿಗೆ ಬಗ್ಗುವುದಿಲ್ಲ ಎಂದರು. ಕಲಿಸಿದವರು ನೀವೇ ಎಂದೆ. ಅಷ್ಟರಲ್ಲಿ ಮಗಳು ಚಪ್ಪಲಿ ಒದ್ದೆ ಮಾಡಿಕೊಂಡು ಓಡಿ ಬಂದಳು, ಫಿಲ್ಮು ಮುಗಿಯಿತು ಎನ್ನುತ್ತ. ಇಡೀ ಯುದ್ಧದಲ್ಲಿ ಒಂದು ಕೋಟೆಯೊಳಗೂ ಕಾಲಿಡದೆ ನಾವು ಹಿಂದಿರುಗಿದೆವು.

ಗುದೈಬಿಯಾ ಮುಟ್ಟುವಾಗ ಮಧ್ಯಾಹ್ನದ ನಮಾಜು ಮುಗಿದು ಅಂಗಡಿಯಲ್ಲಿ ಜನ ತುಂಬಿದ್ದರು. ಗಂಡ ಒಂದು ಕೈಯಲ್ಲಿ ಮೊಸರು, ಇನ್ನೊಂದರಲ್ಲಿ ಚಿಲ್ಲರೆ ಹಿಡಿದು ನಿಂತಿದ್ದರು. ನಾನು ಒಳಗೆ ಹೋಗಿ ಗಲ್ಲಾದಲ್ಲಿ ಕುಳಿತೆ. ಮಾವ ಹೊರಗಿನಿಂದಲೇ ಮನೆಗೆ ನಡೆದುಬಿಡುತ್ತಾರೆ ಎಂದುಕೊಂಡೆ. ಅವರು ಬಂದರು. ಗಿರಾಕಿಗಳು ಕರಗುವವರೆಗೆ ಅಕ್ಕಿಯ ಗೋಣಿಗಳ ಪಕ್ಕ ನಿಂತಿದ್ದರು. ಆಮೇಲೆ ಗಂಡನ ಎದುರಿಗೆ ಬಂದು, ಮುಖ ನೋಡಿಯೇ ಹೇಳಿದರು.

"ತಾರಾ, ನಾನು ನಿನಗೆ ಕೊಟ್ಟ ಮಾತು ನಡೆಸಲಿಕ್ಕೆ ನನ್ನಿಂದ ಆಗುವುದಿಲ್ಲ. ನಾಳೆ ವಿಖ್ಯಾತನ ಹೆಸರು ಹೇಳುತ್ತೇನೆ. ತಪ್ಪು ನನ್ನದೇ."

ನನ್ನ ಗಂಡ ನನ್ನ ಕಡೆ ನೋಡಿದರು, ಆಮೇಲೆ ಬಾಗಿಲಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದ ವಿಖ್ಯಾತನ ಕಡೆ. ಅವನು ತಲೆ ಬಗ್ಗಿಸಿದ್ದ. "ಆಯಿತು ಮಾವ," ಎಂದರು ಗಂಡ. ಊಟ ಆಗಿಲ್ಲವಲ್ಲ, ಹೋಗಿ ಮಾಡಿ ಎಂದೂ ಹೇಳಿದರು. ಮಾವ ಹೋದರು. ಗಂಡ ರಾತ್ರಿ ಹನ್ನೊಂದರವರೆಗೆ ಗಿರಾಕಿಗಳನ್ನು ನೋಡಿಕೊಂಡರು. ಮರುದಿನ ಐದೂವರೆಗೆ ಖುಬ್ಬೂಸ್ ಗಾಡಿ ಬಂದಾಗ ಎಂದಿನಂತೆ ಎದ್ದು ಹೋಗಿ ಇಳಿಸಿಕೊಂಡರು.

ಅಶ್ಮಿತಾಳ ಪ್ರಾಜೆಕ್ಟಿಗೆ ಹತ್ತರಲ್ಲಿ ಎಂಟು ಬಂತು. ಅರಾದ್ ಕೋಟೆಯ ಮುಂದೆ ನಿಂತ ಈ ಮಹನೀಯರು ಯಾರೆಂದು ಟೀಚರ್ ಕೆಂಪು ಶಾಯಿಯಲ್ಲಿ ಕೇಳಿದ್ದರು. ಮಾರ್ಚಿನಲ್ಲಿ ಗಂಡನಿಗೆ ಬುದಯ್ಯದ ಒಂದು ತೋಟದ ಗೋಡೌನಿನಲ್ಲಿ ಕೆಲಸವಾಯಿತು. ಅದೇ ತಿಂಗಳ ಕೊನೆಗೆ ಮಾವ ಊರಿಗೆ ಹೊರಟರು. ಅಂಗಡಿಯನ್ನು ವಿಖ್ಯಾತನಿಗೆ ಕೊಟ್ಟರು. ೧೯೭೯ರಲ್ಲಿ ಕೊಟ್ಟ ಮಾತನ್ನು ಮಾವ ಮುರಿದರು.