ಹಳದಿ ದಾರದ ಚಾಕು

ಸಸಿತೋಟದಲ್ಲಿ ಎಲ್ಲರೂ ಅವನನ್ನು ಕಸಿಯಣ್ಣ ಎನ್ನುತ್ತಿದ್ದರು. ಅವನ ಚಾಕು ಹೊರದೇಶದ್ದು, ದುಬಾರಿಯದು. ಜಂಬವೂ ಅದರ ಜೊತೆಗೇ ಬಂದಿರಬೇಕು. ಯಾರಾದರೂ ಅದನ್ನು ಮುಟ್ಟಿದರೆ ಇಡೀ ತೋಟಕ್ಕೆ ಕೇಳುವಂತೆ ಕೂಗಾಡುತ್ತಿದ್ದ.

ಅವನ ತಂಗಿ ಎಡಗೈಯವಳು. ಎಡಚಿ ಎಂದು ಕರೆದರೆ ಓ ಎನ್ನುತ್ತಿದ್ದಳು. ಅವಳ ಚಾಕು ಫುಟ್‌ಪಾತಿನಲ್ಲಿ ಬಾಚಣಿಗೆ, ಬೀಗಗಳ ನಡುವೆ ಸಿಕ್ಕಿದ್ದು. ಕೆಂಪು ಪ್ಲಾಸ್ಟಿಕ್ ಹಿಡಿ, ಮಡಚಿದರೆ ಬೆರಳುದ್ದ. ಒಂದು ವಾರ ಸಾಣೆಕಲ್ಲಿಗೆ ತಿಕ್ಕಿ ತಿಕ್ಕಿ ಅದನ್ನು ಪಳಗಿಸಿಕೊಂಡಿದ್ದಳು. ತಾವು ಕಸಿ ಮಾಡಿದ ಸಸಿಗೆ ತಮ್ಮ ಬಣ್ಣದ ದಾರ ಕಟ್ಟುವುದು ಅಲ್ಲಿನ ರೂಢಿ. ಅವಳದು ಹಳದಿ. ಆ ವರ್ಷ ಹಳದಿ ದಾರದವೇ ಹೆಚ್ಚು ಚಿಗುರಿದವು. ಅಣ್ಣನಿಗೆ ಅದು ಹಿಡಿಸಲಿಲ್ಲ.

“ಕೊಡಿಲ್ಲಿ, ಆ ಆಟದ ಸಾಮಾನು.”

ಇಸಿದುಕೊಂಡು ಬಲಗೈಯಲ್ಲಿ ಒಂದು ಕಡ್ಡಿ ಕೆತ್ತಿದ. ಅಲಗು ಎತ್ತಲೋ ಜಾರಿತು. ಎಲ್ಲರ ಮುಂದೆ ನಕ್ಕ.

“ಸೊಪ್ಪು ಹೆಚ್ಚೋಕೂ ಲಾಯಕ್ಕಿಲ್ಲ ಇದು. ನನ್ನಂಥದ್ದೇ ಒಂದು ಕೊಡಿಸ್ತೀನಿ, ಅದರಲ್ಲಿ ಮಾಡು.”

“ಅಣ್ಣಾ, ಅದು ನನ್ನ ಕೈಗೆ ಸರಿಯಾಗಿದೆ.”

“ನಿನ್ನ ಕೈಗೇನು ಕೊಂಬು ಬಂದಿದೆಯಾ?”

ಕೊಡಿಸಿಯೂ ಬಿಟ್ಟ. ಆ ಮಳೆಗಾಲ ಹಳದಿ ದಾರದ ಅರವತ್ತು ಸಸಿಗಳಲ್ಲಿ ಐವತ್ತು ಒಣಗಿದವು. “ಕಸಿ ನಿನಗೆ ಒಲಿಯಲ್ಲ ಬಿಡು, ಚೀಲಕ್ಕೆ ಮಣ್ಣು ತುಂಬು” ಎಂದ. ಅವಳು ತುಂಬಿದಳು, ಹನ್ನೊಂದು ವರ್ಷ. ಕೆಂಪು ಚಾಕು ಅವನ ಮೇಜಿನ ಡ್ರಾಯರ್ ಸೇರಿತು.

ಅಪ್ಪ ನೆಟ್ಟಿದ್ದ ಮಾವಿನ ಮರಕ್ಕೆ ಈ ವರ್ಷ ಹುಳ ಹತ್ತಿ, ಒಂದೇ ಕೊಂಬೆ ಹಸಿರಾಗಿ ಉಳಿಯಿತು. ಹುಳಿ ಹಣ್ಣಿನ ಮರ, ಗಿರಾಕಿಗಳು ಮೂಗು ಮುರಿಯುತ್ತಿದ್ದರೆಂದು ಅದರ ಸಸಿಯನ್ನೇ ಮಾಡಿರಲಿಲ್ಲ. ತಂಗಿಗೆ ಮಾತ್ರ ಆ ಮರವೆಂದರೆ ಪ್ರಾಣ. ಕಸಿಗೆ ಆಗುವಂಥ ಕಡ್ಡಿ ಸಿಕ್ಕಿದ್ದು ಆರು. ಅದೇ ವಾರ ಕಸಿಯಣ್ಣ ಏಣಿಯಿಂದ ಬಿದ್ದು ಬಲಗೈ ಮುರಿದುಕೊಂಡ. ಕಸಿ ಬಲ್ಲ ಉಳಿದವರೆಲ್ಲ ಬೇರೆ ತೋಟ ಸೇರಿ ವರ್ಷಗಳಾಗಿದ್ದವು. ಅವನ ಬಾಯಿ ಅಂಥದು.

ಬೇರೆ ದಾರಿ ಕಾಣದೆ ಎಡಗೈಯಲ್ಲಿ ಬೇಡದ ಕಡ್ಡಿಗಳನ್ನು ಕೆತ್ತಿ ನೋಡಿದ. ದುಬಾರಿ ಚಾಕು ಹೇಳಿದ ಮಾತು ಕೇಳಲಿಲ್ಲ. ಸಿಟ್ಟಿನಲ್ಲಿ ಡ್ರಾಯರ್ ಎಳೆದು ಕೆಂಪು ಚಾಕು ತೆಗೆದ. ಮೊದಲ ಏಟಿಗೇ ಕಡ್ಡಿ ಬೆಣ್ಣೆ ಕುಯ್ದಂತೆ ನುಣ್ಣಗೆ ಬಂತು. ಮತ್ತೊಂದು, ಅದೂ ಹಾಗೇ. ಬೆಳಕಿಗೆ ಹಿಡಿದ. ಅಲಗಿನ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಇಳಿಜಾರು, ಅವನ ಚಾಕುವಿಗೆ ಸರಿಯಾಗಿ ತಿರುವುಮುರುವು. ಎಡಗೈಗೆ ಬೇಕಾದಂತೆ ಅವಳೇ ಸಾಣೆ ಹಿಡಿದದ್ದು. ಅವನು ಕೊಡಿಸಿದ್ದು ಬಲಗೈಯವರ ಚಾಕು. ಮೂವತ್ತು ವರ್ಷ ಕಸಿ ಮಾಡಿದವನಿಗೆ ಅಷ್ಟು ಹೊಳೆದಿರಲಿಲ್ಲ. ನಾಚಿಕೆಯಿಂದ ಅವನು ಕುಗ್ಗಿಹೋದ.

ತಂಗಿ ಮಣ್ಣಿನ ರಾಶಿಯ ಪಕ್ಕ ಕೂತಿದ್ದಳು. ಅವನು ಚಾಕು ಮುಂದೆ ಚಾಚಿದ.

“ತಪ್ಪು ನಂದು ಕಣಮ್ಮ. ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು. ಹೇಳೋಕೆ ಬಂದೆ, ನೀನು ನಗ್ತಾ ಇದ್ದೆ.”

“ಅಪ್ಪನ ಮರದ ಕಡ್ಡಿ ಆರೇ ಇರೋದು. ನೀನೇ ಮಾಡಬೇಕು.”

ಅವಳು ಕೈ ತೊಳೆದು ಬಂದಳು. ಚಾಕು ಹಿಡಿದಳು, ಆದರೆ ಹೆಬ್ಬೆರಳು ಮಡಚಲು ಬರಲಿಲ್ಲ. ಒಂದು ಕಡ್ಡಿ ಹಾಳಾಯಿತು, ಎರಡಾಯಿತು, ಮೂರನೆಯದೂ ಹೋಯಿತು.

“ಮಣ್ಣು ಎತ್ತಿ ಎತ್ತಿ ಬೆರಳು ಮರಗಟ್ಟಿದೆ ಅಣ್ಣಾ, ಸೂಕ್ಷ್ಮ ಕೆಲಸ ಆಗಲ್ಲ ಈಗ. ನೀನು ಕೆತ್ತು, ನಾನು ಹಿಡ್ಕೋತೀನಿ.”

ಉಳಿದ ಮೂರನ್ನು ಅವಳು ಹೇಳಿದಂತೆ ಅವನು ಎಡಗೈಯಲ್ಲೇ ಕೆತ್ತಿದ.

ಇಪ್ಪತ್ತು ದಿನಕ್ಕೆ ಒಂದು ಚಿಗುರಿತು. ಕಸಿಯಣ್ಣ ಎಲ್ಲೆಲ್ಲೋ ಹುಡುಕಿ ಹಳದಿ ದಾರ ತಂದು, ಹಲ್ಲಿನಲ್ಲಿ ಎಳೆದು, ಆ ಸಸಿಗೆ ಕಟ್ಟಿದ. ತಂಗಿ ಬಂದು ನೋಡಿದಳು. ಚಿಗುರನ್ನು ಸವರಿದಳು, ಕಣ್ಣು ತುಂಬಿ ಬಂತು. ಆಮೇಲೆ ನಿಧಾನವಾಗಿ ಗಂಟು ಬಿಚ್ಚಿ ದಾರವನ್ನು ಅವನ ಅಂಗೈಗೆ ಹಾಕಿದಳು.

“ಇದು ನೀನು ಮಾಡಿದ್ದಣ್ಣ. ನಿನ್ನ ದಾರ ಕಟ್ಟು.”

ಅಷ್ಟು ಹೇಳಿ ಮಣ್ಣಿನ ರಾಶಿಯ ಕಡೆ ನಡೆದಳು.