ಪರದೆಯ ಅಂಚಿನ ನಾಣ್ಯ

ನಾನು ಪರದೆ ಹೊಲಿಯುವವಳು. ಪರದೆ ನೆಟ್ಟಗೆ ಇಳಿಬೀಳಬೇಕಾದರೆ ಕೆಳಗಿನ ಮಡಿಕೆಯೊಳಗೆ ಏನಾದರೂ ಭಾರ ಇರಬೇಕು, ಇಲ್ಲದಿದ್ದರೆ ಫ್ಯಾನ್ ಹಾಕಿದ ತಕ್ಷಣ ಅದು ಕೂತವರ ಮುಖಕ್ಕೆ ಬಡಿಯುತ್ತದೆ. ಅಂಗಡಿಯ ಸೀಸದ ಬಿಲ್ಲೆಗಳಿಗೆ ಬಾಯಿಗೆ ಬಂದ ಬೆಲೆ. ಹಾಗಾಗಿ ಹೋದ ವರ್ಷ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಪರದೆ ಹೊಲಿಯುವಾಗ ನಮ್ಮತ್ತೆಯ ಡಬ್ಬಿಯಲ್ಲಿದ್ದ ಹಳೇ ನಾಣ್ಯಗಳನ್ನು ಕೇಳಿದೆ. ಮಾವ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವರು. ಬದುಕಿದ್ದಾಗ, ಪ್ರತಿ ಸಲ ಮನೆಗೆ ಬಂದಾಗಲೂ ಯಾವುದೋ ಬಂದರಿನ ಒಂದು ನಾಣ್ಯ ತಂದು ಅತ್ತೆಯ ಕೈಗಿಡುತ್ತಿದ್ದರಂತೆ. ಎಲ್ಲೂ ನಡೆಯದ ಚಿಲ್ಲರೆ, ಇಟ್ಟುಕೊಂಡು ಪೂಜೆ ಮಾಡುವುದೇ ಅಂದೆ. ಅತ್ತೆ ಮರುಮಾತಾಡದೆ ಡಬ್ಬಿ ತಂದು ಅಂಚು ಹೊಲಿಯಲು ಕೂತರು. ನನ್ನದು ಮಿಷನ್ನು, ಕೈಹೊಲಿಗೆಯೆಲ್ಲ ಅವರದು.

ಈಗ ಅತ್ತೆಯ ಬಾಯಲ್ಲಿ ಒಂದು ಹಲ್ಲೂ ಉಳಿದಿಲ್ಲ. ಎಲ್ಲರ ಊಟವಾದ ಮೇಲೆ ಗೋಡೆಗೆ ಮುಖ ಮಾಡಿ ಕೂತು, ತಟ್ಟೆಯಲ್ಲಿರುವುದನ್ನು ಕಿವುಚಿ ಕಿವುಚಿ ನುಂಗುತ್ತಾರೆ. ನೋಡಿದರೆ ನನಗೆ ಕರುಳು ಚುರ್ ಅನ್ನುತ್ತದೆ. ಚುರ್ ಅಂದಾಗಲೆಲ್ಲ ಬಾಯಿಂದ ಬರುವುದು ಮಾತ್ರ ಬೈಗುಳ, ಏನು ಮಾಡಲಿ, ನಾನಿರುವುದೇ ಹಾಗೆ. ಹಲ್ಲಿನ ಸೆಟ್ಟಿಗೆ ಅದೇ ಡಾಕ್ಟರು ಹೇಳಿದ ಮೊತ್ತ ಕೇಳಿ ನನ್ನ ಹಲ್ಲೂ ಉದುರುವುದೊಂದು ಬಾಕಿ ಇತ್ತು.

ಅಷ್ಟರಲ್ಲಿ ನಮ್ಮ ಬೀದಿಯ ಕೊನೆಯ ಸಭಾಂಗಣದಲ್ಲಿ ಹಳೇ ವಸ್ತುಗಳ ಪ್ರದರ್ಶನ ಬಂತು. ನಾಣ್ಯ ತಂದರೆ ಬೆಲೆ ಪುಕ್ಕಟೆ ಹೇಳುತ್ತೇವೆ ಎಂದು ಬಾಗಿಲಲ್ಲೇ ಬರೆದಿದ್ದರು. ಮಿಷನ್ನಿನ ಡ್ರಾಯರಿನಲ್ಲಿ ಆ ಡಬ್ಬಿಯದೊಂದು ನಾಣ್ಯ ಜಾರಿ ಉಳಿದಿತ್ತು. ಒಯ್ದು ತೋರಿಸಿದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ ಮನುಷ್ಯ, ಇದು ಮಾಮೂಲಿ, ಆದರೆ ಇದೇ ದೇಶದ್ದು, ಹಡಗಿನ ಚಿತ್ರವಿರುವುದು ಇದ್ದರೆ ತನ್ನಿ ಎಂದು ಒಂದು ಬೆಲೆ ಹೇಳಿದ. ಹಲ್ಲಿನ ಸೆಟ್ಟು ಬಂದು ಮೇಲೆ ಒಂದಿಷ್ಟು ಉಳಿಯುತ್ತಿತ್ತು. ಹಡಗಿನ ಚಿತ್ರದ್ದನ್ನು ನಾನೇ ಕಣ್ಣಾರೆ ಡಬ್ಬಿಯಲ್ಲಿ ನೋಡಿದ್ದೆ. ಅಂದರೆ ಅತ್ತೆಯ ಹಲ್ಲು ಹಲ್ಲಿನ ಡಾಕ್ಟರ ಕಿಟಕಿಯಲ್ಲೇ ನೇತಾಡುತ್ತಿದೆ.

ಸೀದಾ ಕ್ಲಿನಿಕ್ಕಿಗೆ ಓಡಿದೆ. ಅಂಚು ಬಿಚ್ಚಿಕೊಂಡಿದೆಯಂತೆ, ಪುಕ್ಕಟೆ ಸರಿ ಮಾಡಿಕೊಡುತ್ತೇನೆ ಎಂದು ನರ್ಸಿಗೆ ಹಸಿ ಸುಳ್ಳು ಹೇಳಿ ಕಿಟಕಿಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತೆ. ದವಡೆ ಹಿಡಿದುಕೊಂಡವರೆಲ್ಲ ನೋವು ಮರೆತು ನನ್ನನ್ನೇ ನೋಡುತ್ತಿದ್ದರು. ಮೊದಲ ಮಡಿಕೆ ಬಿಚ್ಚಿದೆ. ಸೈಕಲ್ ವಾಷರು. ಎರಡನೆಯದು, ಅದೂ ವಾಷರು. ನಾಲ್ಕೂ ಪರದೆ ಬಿಚ್ಚಿದರೂ ಒಂದು ನಾಣ್ಯದ ಸುಳಿವಿಲ್ಲ. ಎಲ್ಲವನ್ನೂ ಮತ್ತೆ ಹೊಲಿಯುವಷ್ಟರಲ್ಲಿ ನನ್ನ ಪಿತ್ತ ನೆತ್ತಿಗೇರಿತ್ತು.

ಮನೆಗೆ ಬಂದವಳೇ ಅತ್ತೆಯ ಮುಂದೆ ನಿಂತೆ. ಏನು ಹಾಕಿ ಹೊಲಿದಿರಿ ಎಂದು ಕೇಳಿದೆ. ಅವರು ಸಿಕ್ಕಿಬಿದ್ದ ಮಗುವಿನ ಹಾಗೆ ತಲೆ ತಗ್ಗಿಸಿ ಹೋಗಿ, ದಿಂಬಿನ ಚೀಲದೊಳಗಿಂದ ಡಬ್ಬಿ ತೆಗೆದರು. ಒಳಗಿದ್ದ ನಾಣ್ಯಗಳೆಲ್ಲ ಫಳಫಳ. ಬಚ್ಚಿಟ್ಟಾಗಿನಿಂದ ದಿನಾ ಹಲ್ಲುಪುಡಿ ಹಾಕಿ ಉಜ್ಜುತ್ತಿದ್ದರಂತೆ. ಹಲ್ಲೇ ಇಲ್ಲದವರಿಗೆ ತಿಂಗಳಿಗೊಂದು ಡಬ್ಬಿ ಹಲ್ಲುಪುಡಿ ಯಾಕೆ ಎಂಬುದು ನನಗೆ ಆಗ ತಿಳಿಯಿತು. ಹಡಗಿನ ನಾಣ್ಯವೂ ಅಲ್ಲೇ ಇತ್ತು. ಬೈಯಲು ತೆರೆದ ಬಾಯಲ್ಲಿ ನಗು ಬಂತು. ನಿಮ್ಮ ಹಲ್ಲು ಬಂತು ನಡೀರಿ ಎಂದು ಕೈ ಹಿಡಿದು ಎಳೆದುಕೊಂಡೇ ಹೋದೆ.

ಭೂತಗನ್ನಡಿಯವನು ನಾಣ್ಯ ಎತ್ತಿಕೊಂಡ, ತಿರುಗಿಸಿದ, ಕೆಳಗಿಟ್ಟ.

"ಇದನ್ನ ಉಜ್ಜಿದ್ದೀರಾ?"

"ದಿನಾ," ಅಂದರು ಅತ್ತೆ ಹೆಮ್ಮೆಯಿಂದ.

ಅವನು ತಲೆ ಆಡಿಸಿದ. ಸಂಗ್ರಹ ಮಾಡುವವರಿಗೆ ಕಾಲದ ಕಪ್ಪು ಹಾಗೇ ಇರಬೇಕಂತೆ. ಇದರಲ್ಲಿ ಹಡಗಿನ ಪಟವೇ ಸವೆದು ಹೋಗಿದೆ, ಲೋಹದ ಬೆಲೆಯೂ ಹುಟ್ಟುವುದಿಲ್ಲ ಅಂದ. ನನಗೆ ಅಳು ಬಂದುಬಿಟ್ಟಿತು.

ಅತ್ತೆ ಮಾತ್ರ ಮುಂದೆ ಬಾಗಿ, "ಹಾಗಾದ್ರೆ ಇದನ್ನ ಯಾರೂ ತಗೊಳ್ಳೋದಿಲ್ವಾ?" ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ನಾಣ್ಯವನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ನನಗಿಂತ ಮುಂದೆ ಹೊರಗೆ ನಡೆದರು. ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಕಂಡೇ ಇರಲಿಲ್ಲ. ನನಗೆ ರೇಗಿತು. ಬೇಡವಾಗಿದ್ದರೆ ಮೊದಲೇ ಬೇಡ ಅನ್ನಬಾರದಿತ್ತೇ, ವಾಷರು ಹುಡುಕಿ ಕದ್ದುಮುಚ್ಚಿ ಹೊಲಿಯುವ ಕರ್ಮ ಏನಿತ್ತು ಎಂದು ಬೀದಿಯಲ್ಲೇ ಹಾರಾಡಿದೆ.

"ನಿನಗೆ ಇಲ್ಲ ಅನ್ನೋಕೆ ಆಗುತ್ತೇನಮ್ಮ," ಅಂದರು ಅತ್ತೆ. "ನೀನು ದುಡಿದಿದ್ದನ್ನ ತಿನ್ನೋಳು ನಾನು."

ಇಷ್ಟು ವರ್ಷ ಒಂದೇ ದೀಪದ ಕೆಳಗೆ ಕೂತು ಹೊಲಿದಿದ್ದೇವೆ. ಅವರು ಗೋಡೆಗೆ ಮುಖ ಮಾಡುತ್ತಿದ್ದುದು ಬರೀ ಹಲ್ಲಿಲ್ಲದ ನಾಚಿಕೆಗೆ ಅಂದುಕೊಂಡಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಹಲ್ಲನ್ನು ಕಂತಿನಲ್ಲಾದರೂ ಕಟ್ಟಿಸುತ್ತೇನೆ, ನಮ್ಮ ಪರದೆಗಳ ಅಂಚನ್ನೆಲ್ಲ ಹೊಲಿಯುವ ನೀವು ಯಾರ ಋಣದಲ್ಲೂ ಇಲ್ಲ ಎಂದು ಹೇಳಿದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಒಮ್ಮೆಯಾದರೂ ನನಗೆ ಇಲ್ಲ ಅನ್ನಲಿ ಎಂದು, ಅಲ್ಲೇ ಫುಟ್‌ಪಾತಿನ ಮೇಲೆ ಅವರನ್ನು ನಿಲ್ಲಿಸಿ ಕೈ ಚಾಚಿದೆ.

"ಆ ನಾಣ್ಯ ಕೊಡಿ ಇಲ್ಲಿ."

ಅತ್ತೆ ನನ್ನ ಮುಖ ನೋಡಿದರು. ಕರ್ಚೀಫಿನ ಗಂಟು ಅರ್ಧ ಮುಂದೆ ಬಂತು, ನಿಂತಿತು, ಹಿಂದೆ ಹೋಯಿತು.

"ಕೊಡಲ್ಲ," ಅಂದರು, ಮೊದಲು ಮೆಲ್ಲಗೆ. ನಾನು ಕೈ ಹಿಂದೆ ತೆಗೆಯಲಿಲ್ಲ. "ಕೊಡಲ್ಲ ಹೋಗೆ," ಅಂದರು ಆಮೇಲೆ, ಬೀದಿಗೆಲ್ಲ ಕೇಳುವ ಹಾಗೆ.